ಮೊಂಡು ಬೆರಳಿನ ಗುರುತು

ಆತ್ಮ, ಗೀತ್ಮ ಎಂದರೆ ನಗುತ್ತಿದ್ದವಳು ನಾನು. ಕಂಡದ್ದನ್ನು ಸರಿಯಾಗಿ ನೋಡು, ದನಿ ಎತ್ತರಿಸಬೇಡ ಎಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಕೆಲವು ವರ್ಷಗಳ ಹಿಂದೆ ಸೇಲಂ ಹತ್ತಿರದ ಕಡಯಂಪಟ್ಟಿಯಲ್ಲಿ, ಮಣ್ಣಿನ ಪಾತ್ರೆ ಸುಡುವ ಒಂದು ಭಟ್ಟಿಯ ಮುಂದೆ ನಾನು ಸರಿಯಾಗಿಯೇ ನೋಡಿದೆ. ನೆನೆದರೆ ಈಗಲೂ ದನಿ ಏರುತ್ತದೆ.

ರಾಜಕ್ಕ ನನಗೆ ಮಣ್ಣಿನ ಕೆಲಸ ಕಲಿಸಿದವಳು. ಮರಗೆಣಸಿನ ಕಡ್ಡಿ ಸುಟ್ಟು, ಆ ಬೂದಿಯಿಂದ ಬಟ್ಟಲಿಗೆ ಗಾಜಿನಂಥ ಲೇಪ ಮಾಡುವುದನ್ನು ವರ್ಷಗಟ್ಟಲೆ ಕೆಡಿಸಿ ಕೆಡಿಸಿ ಕಂಡುಕೊಂಡಿದ್ದಳು. ಎಳನೀರಿಗೆ ಹನಿ ಹಾಲು ಬಿದ್ದಂಥ ಬಣ್ಣ. ಬುಡ ಹಿಡಿದು ಲೇಪದಲ್ಲಿ ಅದ್ದುವಾಗ ಬೆರಳಿದ್ದ ಕಡೆ ಲೇಪ ಹತ್ತುವುದಿಲ್ಲ. ಬೇರೆಯವರು ಅದನ್ನು ಕುಂಚದಿಂದ ಮುಚ್ಚುತ್ತಾರೆ. ರಾಜಕ್ಕ, "ಮುಚ್ಚಬ್ಯಾಡ ಕಣಮ್ಮಾ, ಮಾಡಿದ ಕೈ ಕಾಣ್ಲಿ ಬುಡು," ಅನ್ನುವಳು. ಅವಳ ಉಂಗುರದ ಬೆರಳು ಅರ್ಧವೇ. ಚಿಕ್ಕವಳಿದ್ದಾಗ ಸಬ್ಬಕ್ಕಿ ಮಾಡುವ ಜವ್ವರಿಸಿ ಮಿಲ್ಲಿನಲ್ಲಿ ಹೋಗಿತ್ತು. ಹಾಗಾಗಿ ಅವಳ ಬಟ್ಟಲುಗಳ ಮೇಲೆ ಉದ್ದ ಗುರುತುಗಳ ನಡುವೆ ಒಂದು ಮೊಂಡು ಗುರುತು.

ಅವಳು ತೀರಿಕೊಂಡ ಮೇಲೆ ಅವಳ ತಮ್ಮ ಶಿವು ಬಂದ. ಅಕ್ಕ ಮಣ್ಣು ಮೆತ್ತಿಕೊಂಡು ಆಡುತ್ತಾಳೆ ಎಂದು ಊರೆಲ್ಲ ಆಡಿಕೊಂಡವನು. ಅವಳು ಒಮ್ಮೆ ಸುಟ್ಟು, ಲೇಪ ಹಾಕದೆ ಬಿಟ್ಟುಹೋಗಿದ್ದ ಬಟ್ಟಲುಗಳ ಕೆಳಗೆಲ್ಲ, ಉರಿಗೆ ಹಿಡಿಯುವ ಬಣ್ಣದಲ್ಲಿ ತನ್ನ ಹೆಸರು ಬರೆದ. ಸೇಲಂನಲ್ಲಿ ಪ್ರದರ್ಶನವಂತೆ, ಬೂದಿಯ ಲೇಪ ತಾನೇ ಕಂಡುಹಿಡಿದದ್ದಂತೆ! ನನಗೆ ಮೈಯೆಲ್ಲ ಉರಿಯಿತು.

"ಅಕ್ಕನ ಹೆಸ್ರು ಆಕಪ್ಪಾ," ಎಂದೆ.

"ಅವ್ಳೇ ಇಲ್ವಲ್ಲಕ್ಕಾ, ಹೆಸ್ರು ಯಾರ್ಗೆ? ನೀವು ಮನೇಗ್ ಓಗಿ ಒಲೆ ಮ್ಯಾಲಿನ ಕೊಳಂಬು ನೋಡ್ಕೊಳಿ," ಎಂದು ನಕ್ಕ.

ನಾನು ಹೋಗಲಿಲ್ಲ. ಕೈ ಕೊಳೆಯಾಗದಂತೆ ಅವನು ಒಂದೊಂದನ್ನೂ ಇಕ್ಕಳದಲ್ಲಿ ಹಿಡಿದು, ಅಕ್ಕ ಕಲಸಿಟ್ಟಿದ್ದ ಲೇಪದಲ್ಲಿ ಅದ್ದಿದ. ಇಕ್ಕಳದ ಹಲ್ಲಿನ ಚುಕ್ಕೆ ಬಿಟ್ಟರೆ ಬೇರೆ ಗುರುತೇ ಇರಲಿಲ್ಲ. ಭಟ್ಟಿಯ ಬಾಗಿಲು ಮುಚ್ಚಿ ಉರಿ ಹಚ್ಚುವವರೆಗೂ ನಿಂತು ನೋಡಿದೆ.

ಭಟ್ಟಿ ಆರಿದ ಮೇಲೆ ಹಾಡಹಗಲಲ್ಲಿ ಅವನೇ ಬಾಗಿಲು ತೆಗೆದ. ಮೊದಲ ಬಟ್ಟಲು ಎತ್ತಿ ತಿರುಗಿಸಿ ನೋಡಿದ. ಬುಡದ ಸುತ್ತ ಲೇಪವಿಲ್ಲದೆ ಬರೀ ಮಣ್ಣು ಕಾಣುವ ಬೆರಳ ಗುರುತು. ನಡುವೆ ಒಂದು ಮೊಂಡು. ಇನ್ನೊಂದು ಎತ್ತಿದ, ಅದರಲ್ಲೂ. ಎಲ್ಲದರಲ್ಲೂ.

"ನೀನೇ ಏನೋ ಮಾಡಿದ್ದೀಯಾ!" ಎಂದು ನನ್ನ ಮೇಲೆ ಕೂಗಿದ. ಅವನ ಉಗುರಲ್ಲಿ ಒಂದಿಷ್ಟೂ ಮಣ್ಣಿರಲಿಲ್ಲ, ಅದನ್ನೂ ನೋಡಿದೆ.

ಹೆದರಿ ಬಿಟ್ಟುಬಿಡುತ್ತಾನೆ ಎಂದುಕೊಂಡದ್ದು ನನ್ನ ದಡ್ಡತನ. ಪ್ರದರ್ಶನದಲ್ಲಿ ಅವೇ ಗುರುತುಗಳನ್ನು ಬಂದವರಿಗೆಲ್ಲ ತೋರಿಸಿ, "ಇದು ನನ್ ಸ್ಟೈಲು," ಎನ್ನುತ್ತಿದ್ದ! ಜನ ತಲೆದೂಗಿದರು. ನಾನು ಒಂದು ಬಟ್ಟಲನ್ನು ಎತ್ತಿ ಅವನ ಮುಂದೆ ಹಿಡಿದೆ.

"ಎಲ್ಲಿ, ನಿನ್ ಬೆರಳು ಇದ್ರ ಮ್ಯಾಲೆ ಇಕ್ಕಪ್ಪಾ, ನೋಡಾನ."

ಮಾತು ಸಭಾಂಗಣದ ಆ ಕೊನೆಯವರೆಗೂ ಕೇಳಿಸಿತು. ಅವನು ಕೈ ಜೇಬಿಗೆ ಹಾಕಿಕೊಂಡ.

ಇಕ್ಕಳ, ಬೂದಿ, ಉರಿ ಎಂದು ಎಷ್ಟು ಯೋಚಿಸಿದರೂ ಆ ಗುರುತು ಬಂದದ್ದು ಹೇಗೆಂದು ನನಗೆ ತಿಳಿಯುತ್ತಿಲ್ಲ. ರಾಜಕ್ಕ ಬಂದಿದ್ದಳು ಎನ್ನಲು ನಾಲಿಗೆ ಏಳುವುದಿಲ್ಲ. ಅವತ್ತು ಆ ಬಟ್ಟಲನ್ನು ಕೇಳದೇ ಮನೆಗೆ ತಂದೆ. ತೊಳೆಯುವಾಗ ನನ್ನ ಬೆರಳುಗಳು ಆ ಗುರುತುಗಳಲ್ಲಿ ಕೂರುತ್ತವೆ, ಒಂದು ಮಾತ್ರ ಆಚೆ ಚಾಚುತ್ತದೆ. ಕೆಳಗೆ ಶಿವುವಿನ ಹೆಸರಿದೆ. ನಾರು ಹಾಕಿ ದಿನಾ ಉಜ್ಜುತ್ತೇನೆ, ಹೋಗುತ್ತಿಲ್ಲ.