ಗುಲ್ಜಾರ್ ಬೀಗೆ ಐವತ್ತಕ್ಕೆ ಏಳು

ಗುಲ್ಜಾರ್ ಬೀ ಓದಿದ್ದು ಮೂರನೇ ಕ್ಲಾಸು. ಮುಂದಕ್ಕೆ ಕಳಿಸೋಣವೆಂದರೆ ಅಣ್ಣಂದಿರು ಓದಬೇಕಿತ್ತಲ್ಲ! ಆ ಮಹಾಶಯರು ಎಸ್ಸೆಸ್ಸೆಲ್ಸಿಗೆ ಮೂರು ಸಲ ಡುಮ್ಕಿ ಹೊಡೆದು ಮನೆತನದ ಮಾನ ಉಳಿಸಿದರು. ಇವಳು ರಾಮನಗರದ ರೇಷ್ಮೆ ಶೆಡ್ಡಿನಲ್ಲಿ ಮೂವತ್ತು ವರ್ಷ ಕುದಿನೀರಿಗೆ ಕೈಯದ್ದಿ ಗೂಡಿನಿಂದ ಎಳೆ ತೆಗೆದಳು. ಈಗ ಅನ್ನ ಕಲಸಿದರೂ ಬೆರಳು ಉರಿ.

ಹೀಗಿರುವಾಗ ಶೆಡ್ಡಿನ ಸಾಹುಕಾರರಿಗೆ ರೈತರ ಮನೆಗಳಿಗೆ ಹೋಗಿ ಒಳ್ಳೆಯ ಗೂಡಿನ ಬಗ್ಗೆ ಮಾತಾಡಿ ಬರಲು ಒಬ್ಬರು ಬೇಕಾದರು. ಗುಲ್ಜಾರ್ ಬೀಗೆ ಜೀವ ಹೋದರೂ ಆ ಕೆಲಸ ಬೇಕು. ಆದರೆ ತರಬೇತಿಗೆ ಬಂದ ನವ್ಯಶ್ರೀ ಮೇಡಂ ಎರಡು ದಿನ 'ಕಲ್ಚರಲ್ ಇಂಟೆಲಿಜೆನ್ಸ್', ಅಂದರೆ ಪರರ ಮನೆಯ ರೀತಿನೀತಿ ಅರಿತು ನಡೆಯುವ ಪಾಠ ಮಾಡಿ ಟೆಸ್ಟ್ ಇಟ್ಟರು. ಅದೇ ಕೆಲಸಕ್ಕೆ ಬಂದಿದ್ದ ಬಿ.ಕಾಂ. ಓದಿದ ಅತೀಕ್‌ಗೆ ಐವತ್ತಕ್ಕೆ ನಲವತ್ತಾರು. ಇವಳಿಗೆ ಏಳು, ಅದರಲ್ಲೂ ಎರಡು ಹೆಸರು ಬರೆದದ್ದಕ್ಕೆ.

ಆದರೂ ಹಟ ಹಿಡಿದು ಅತೀಕನ ಜೊತೆ ಕೂಟಗಲ್‌ಗೆ ಹೊರಟಳು. ಅಲ್ಲಿನ ರೈತ ಕರಿಯಪ್ಪನ ಮನೆ ಮುಂದೆ ಅವನು ಶೂ ಬಿಚ್ಚಿದ, ಕೈ ಮುಗಿದ, ಕೊಟ್ಟ ನೀರನ್ನು ಲೋಟ ಕಚ್ಚದೆ ಎತ್ತಿ ಕುಡಿದ. ಎಲ್ಲ ನೋಟ್ಸಿನಲ್ಲಿದ್ದಂತೆಯೇ. ಆಮೇಲೆ ಘಮಘಮ ಅತ್ತರಿನ ಸಮೇತ ಹುಳ ಸಾಕುವ ಮನೆಗೆ ನುಗ್ಗಿ, "ಅಬ್ಬಾ! ಎಷ್ಟ್ ಕೊಬ್ಬವೆ ಕರಿಯಪ್ಪಣ್ಣ!" ಎಂದ.

ಕರಿಯಪ್ಪ ತಲೆ ಕೆರೆದುಕೊಂಡ. ಅವನ ಹೆಂಡತಿ ಅಂಬುಜಮ್ಮ ಸೊಪ್ಪಿನ ಮಂಕರಿ ಎಸೆದು ಎದ್ದಳು. "ಯಾವನ್ಲಾ ಅವ್ನು! ಸೆಂಟ್ ಹೊಡ್ಕೊಂಡ್ ಬಂದು ಕಣ್ಣೂ ಹಾಕ್ತಾವ್ನೆ! ಬೆಳೆ ಹೋದ್ರೆ ನಿಮ್ಮಪ್ಪ ಕೊಡ್ತಾನಾ? ನಡಿ ಆಚೆ!"

ಗುಲ್ಜಾರ್ ಬೀ ಹೊಸ್ತಿಲಾಚೆಯೇ ನಿಂತಿದ್ದಳು. ಹುಳಕ್ಕೆ ಘಾಟು ವಾಸನೆ ಆಗದೆಂದು ಸೋಪು ಹಚ್ಚದೆ ಮಿಂದು, ತಲೆಗೆ ಎಣ್ಣೆಯನ್ನೂ ಸೋಕಿಸದೆ ಬಂದಿದ್ದಳು. ಗೂಡಿನ ಮಾರುಕಟ್ಟೆಯಲ್ಲಿ ಇಂಥ ಅಂಬುಜಮ್ಮಂದಿರ ಪಕ್ಕ ಕೂತು ಕಡ್ಲೇಕಾಯಿ ತಿಂದು ಕಲಿತ ವಿದ್ಯೆ ಅದು. ಹುಳ ಪೊರೆ ಬಿಡಲು ಮಲಗುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. "ನಾಕ್ನೇ ಜ್ವರ ಎದ್ದು ಎಷ್ಟ್ ದಿನ ಆಯ್ತಕ್ಕಾ? ನಿದ್ದೆಗೆಟ್ಟು ನಿನ್ ಕಣ್ಣು ಒಳೀಕ್ ಹೋಗವಲ್ಲ" ಎಂದಳು.

ಅಂಬುಜಮ್ಮನ ಸಿಟ್ಟು ಇಳಿಯಿತು. ಹುಳದ ಯೋಗಕ್ಷೇಮ ಕೇಳುವವರಿದ್ದರು, ಅವಳ ಕಣ್ಣಿನ ಮಾತನ್ನು ಕಟ್ಟಿಕೊಂಡ ಗಂಡನೂ ಎತ್ತಿರಲಿಲ್ಲ. ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಗಂಟೆಗಟ್ಟಲೆ ಮಾತಾಡಿದಳು.

ಮಾರನೆಯ ದಿನ ನವ್ಯಶ್ರೀ ಮೇಡಂ ತೀರ್ಪು ಕೊಟ್ಟರು: "ಆಫೀಸರ್ ಅತೀಕೇ. ಡಿಗ್ರಿ ಬೇಕಲ್ವಾ? ನೀವು ಹೆಲ್ಪರ್ ಆಗಿ ಜೊತೆಗೆ ಹೋಗಿ."

ಗುಲ್ಜಾರ್ ಬೀಗೆ ಮೈಯೆಲ್ಲ ಉರಿದುಹೋಯಿತು. "ಮಾತಾಡೋಳು ನಾನು, ಆಫೀಸರ್ ಅವ್ನಾ? ನಂಗೆ ಬರ್ಕೊಳಾಕೆ ಒಬ್ರು ಬೇಕು ಮೇಡಂ. ಹೆಲ್ಪರ್ ಆಗಿ ಅವ್ನೇ ಬರ್ಲಿ."

ಮೇಡಂ ಬಾಯಿ ತೆರೆಯುವ ಮೊದಲೇ ಅತೀಕ್ ಎದ್ದು ನಿಂತ. "ಗುಲ್ಜಾರ್ ಖಾಲಾ ಹೇಳಿದ್ದೇ ಸರಿ. ಆ ಕೂಟಗಲ್ ಯಮ್ಮನ ಮುಂದೆ ನಾನೊಬ್ನೇ ಸತ್ರೂ ಹೋಗಲ್ಲ."

ಅವತ್ತು ಗುಲ್ಜಾರ್ ಬೀ ಶೆಡ್ಡಿಗೆ ಹೋಗಲಿಲ್ಲ; ಬರೆದುಕೊಳ್ಳಲು ಅತೀಕನನ್ನು ಹಿಂದೆ ಹಾಕಿಕೊಂಡು ರೈತರ ಮನೆಗಳಿಗೆ ಹೊರಟಳು.