ಸಕೀನಾ ಹೊಲಿದ ಕುಪ್ಪಸ

ವಿಜಯಪುರದ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಫೋನ್ ಮಾಡಿ ಚಿಕಿತ್ಸೆಗೆ ಕರೆಯುವುದು ನನ್ನ ನೌಕರಿ. ನನ್ನ ದನಿ ಕೇಳಿದರೆ ಟಿಕೋಟಾದಲ್ಲಿರುವ ನಮ್ಮವ್ವನೇ ಫೋನ್ ಇಟ್ಟುಬಿಡುತ್ತಾಳೆ, ಇನ್ನು ರೋಗಿಗಳ ಮಾತೇನು? ಮಮದಾಪುರದ ಶಂಕ್ರೆವ್ವ ಸ್ತನ ಕ್ಯಾನ್ಸರಿನ ಆಪರೇಶನ್ ಮಾಡಿಸಿಕೊಂಡು ಒಂದು ಸ್ತನ ತೆಗೆಸಿ, ಆಮೇಲಿನ ಕೀಮೋ ಅರ್ಧಕ್ಕೇ ಬಿಟ್ಟು ಊರಲ್ಲಿ ಕುಳಿತಿದ್ದಳು. ಹೀಗೆ ಬಿಟ್ಟರೆ ರೋಗ ಮರಳಬಹುದೆಂದು ಡಾಕ್ಟರಿಗೆ ಚಿಂತೆ. ನಾನು ಕರೆದಾಗಲೆಲ್ಲ ಅವಳ ಮಗನೇ ಫೋನ್ ಎತ್ತಿ, "ಅವ್ವ ಅರಾಮ ಅದಾಳ್ರಿ" ಎಂದು ಇಡುತ್ತಿದ್ದ.

ಬಬಲೇಶ್ವರದ ಬಸ್ ಸ್ಟ್ಯಾಂಡಿನ ಎದುರು ಸಕೀನಾಳ ಹೊಲಿಗೆ ಅಂಗಡಿ ಇದೆ. ಅವಳಿಗೂ ಇದೇ ಆಪರೇಶನ್ ಆಗಿದೆ. ಅವಳು ಒಂದು ಬದಿಗೆ ಅರಳೆ ತುಂಬಿ ಕುಪ್ಪಸ ಹೊಲಿಯುತ್ತಾಳೆಂದು ಕೇಳಿ ಶಂಕ್ರೆವ್ವ ಅಳತೆ ಕೊಟ್ಟಿದ್ದಳು. ಕೀಮೋ ಬಿಟ್ಟದ್ದನ್ನೂ ಆಗಲೇ ಹೇಳಿಕೊಂಡಿದ್ದಳು. ಒಯ್ಯಲು ಬಂದ ದಿನ ಸಕೀನಾ ಕುಪ್ಪಸವನ್ನು ಕೈಚೀಲಕ್ಕೆ ಹಾಕಿಕೊಂಡು, "ಇಲ್ಲಿ ಕೊಡಾಂಗಿಲ್ಲ ಬೇ. ದವಾಖಾನಿಗೆ ನಡಿ, ಅಲ್ಲೇ ಕೊಡ್ತೇನಿ" ಎಂದು ವಿಜಯಪುರದ ಬಸ್ಸು ಹತ್ತಿಬಿಟ್ಟಳು. ಶಂಕ್ರೆವ್ವ ಬೈಯುತ್ತಲೇ ಹಿಂದೆ ಹತ್ತಿದಳು.

ನನ್ನ ಮೇಜಿನ ಮುಂದೆ ಬಂದು ನಿಂತಾಗಲೂ ಬೈಗುಳ ಮುಗಿದಿರಲಿಲ್ಲ.

"ಈ ಅರ್ಧಾ ಮೈ ತಗೊಂಡು ಮಂದ್ಯಾಗ ಹೆಂಗ ಓಡಾಡ್ಲಿ ಯವ್ವಾ?"

ಸಕೀನಾ ನೆಟ್ಟಗೆ ನಿಂತಳು. "ನನ್ನ ನೋಡು. ಯಾವ ಕಡಿ ಅರಳಿ ಐತಿ, ಹೇಳು."

ನಾನು ಗಡಿಬಿಡಿಯಿಂದ ಕಂಪ್ಯೂಟರಿನತ್ತ ತಿರುಗಿದೆ. ಅದನ್ನಿನ್ನೂ ಚಾಲೂ ಮಾಡಿರಲಿಲ್ಲ. ಶಂಕ್ರೆವ್ವ ಬಹಳ ಹೊತ್ತು ನೋಡಿದಳು. ಗೊತ್ತಾಗಲಿಲ್ಲ. ಸಕೀನಾಳ ಕೈ ಹಿಡಿದುಕೊಂಡು ಡಾಕ್ಟರರ ಕೋಣೆಗೆ ಹೋದಳು.

ಸಂಜೆ ಹೊಸ ಕುಪ್ಪಸ ತೊಟ್ಟು ಹೊರಟ ಶಂಕ್ರೆವ್ವ ನನ್ನ ಬಳಿ ನಿಂತು ಸಕೀನಾಳತ್ತ ಕೈ ಮಾಡಿದಳು.

"ತಮ್ಮಾ, ಮುಂದಿನ ಸಲ ನನ್ನ ಮಗಗ ಫೋನ್ ಮಾಡಬ್ಯಾಡ. ಈಕಿಗೆ ಮಾಡು. ಈಕಿ ಕರದ್ರ ಬರ್ತೇನಿ."