ಕೋಳಿ ಒಲ್ಲದ ಅಜ್ಜಿ

ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಿರುವ ನರ್ಸ್ ಹುಡುಗಿ ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಆಮ್ಲೆಟ್ ಮಾಡಿಕೊಳ್ಳುತ್ತಾಳೆ. ಚಳ್ಳಕೆರೆಯ ಗಾಳಿಗೆ ಎಣ್ಣೆ ಮಿಲ್ಲುಗಳ ಕಡಲೆಕಾಯಿ ಹಿಂಡಿಯ ವಾಸನೆ ಹುಟ್ಟುಗುಣ. ಅದರೊಳಗೆ ಈರುಳ್ಳಿ ಹಾಕಿದ ಮೊಟ್ಟೆಯ ವಾಸನೆ ಬೆರೆತು ಕಿಟಕಿಯಿಂದ ಇಳಿದು ಬಂದರೆ, ನಾನು ಪೇಪರ್ ಮಡಿಸಿಟ್ಟು ಸುಮ್ಮನೆ ಕೂರುತ್ತೇನೆ. ಬೇಸರದಿಂದಲ್ಲ. ಆ ವಾಸನೆ ನನ್ನನ್ನು ಎರಡು ಕಡೆ ಕರೆದುಕೊಂಡು ಹೋಗುತ್ತದೆ, ಯಾವ ಕಡೆ ಮೊದಲು ಹೋಗಲಿ ಎಂದು ತಿಳಿಯುವುದಿಲ್ಲ, ಅಷ್ಟೆ.

ಒಂದು ಕಡೆ ಬಳ್ಳಾರಿಯ ಕಾನ್ವೆಂಟು. ಕಾನ್ವೆಂಟು ಎಂದದ್ದಕ್ಕೆ ನಾನು ಯಾವುದೋ ದೊಡ್ಡ ಮನೆತನದವಳು ಎಂದುಕೊಂಡೀರಿ. ಖಂಡಿತ ಅಲ್ಲ. ತಳಕಿನ ಹತ್ತಿರದ ಹಟ್ಟಿ ನಮ್ಮದು. ಕುರಿ, ದನ, ಮಳೆ ಬಂದರೆ ಬೆಳೆ. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು, ಸಾಹೇಬರ ಮಕ್ಕಳನ್ನು ಕಂಡು ಆಸೆಯಾಯಿತು, ಕಿರಿಯವಳಾದ ನನ್ನನ್ನು ಹಾಸ್ಟೆಲ್ಲಿಗೆ ಹಾಕಿದ. ಅಕ್ಕ ತಿಪ್ಪಕ್ಕ ಹಟ್ಟಿಯಲ್ಲೇ ಉಳಿದಳು. ಹಾಸ್ಟೆಲ್ಲಿನಲ್ಲಿ ಭಾನುವಾರ ಬೇಯಿಸಿದ ಮೊಟ್ಟೆ ಕೊಡುತ್ತಿದ್ದರು. ನಮ್ಮ ಹಟ್ಟಿಯವರು ಕುರಿ ಕೊಯ್ಯುತ್ತಾರೆ, ಹಬ್ಬ ಮಾಡುತ್ತಾರೆ; ಆದರೆ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಹಟ್ಟಿಯೊಳಗೆ ಕಾಲಿಡಲೂ ಬಿಡುವುದಿಲ್ಲ. ಮೊಟ್ಟೆಗೂ ಅದೇ ನಿಯಮ. ದೇವರಿಗೆ ಆಗದು ಎನ್ನುತ್ತಾರೆ, ಯಾಕೆ ಎಂದು ದೇವರನ್ನು ಕೇಳಿದವರಿಲ್ಲ. ನಾನು ನನ್ನ ಮೊಟ್ಟೆಯನ್ನು ಪಕ್ಕದ ಹುಡುಗಿಗೆ ಕೊಟ್ಟು ಅವಳ ಬಾಳೆಹಣ್ಣು ತೆಗೆದುಕೊಳ್ಳುತ್ತಿದ್ದೆ. ಉಳಿದದ್ದಕ್ಕೆಲ್ಲ "ಎಸ್ ಸಿಸ್ಟರ್." ಒಬೀಡಿಯನ್ಸ್‌ಗೆ ನನಗೆ ಪ್ರೈಜ್ ಬಂದಿತ್ತು. ಬೇರೆ ಯಾವುದಕ್ಕೂ ಬರಲಿಲ್ಲ.

ಇನ್ನೊಂದು ಕಡೆ ಚೈತ್ರಾಳ ಕಾಮಿಕ್ಸು. ಇವತ್ತು ಅಲ್ಲಿಗೇ ಹೋಗೋಣ.

ಚೈತ್ರಾ ಅಕ್ಕನ ಮೊಮ್ಮಗಳು. ಕಾಲೇಜಿಗೆಂದು ನನ್ನ ಮನೆಯಲ್ಲಿದ್ದಳು. ನಾನು ರಿಟೈರ್ಡ್ ಇಂಗ್ಲಿಷ್ ಟೀಚರ್, ಅವಳ ಗ್ರಾಮರ್ ತಿದ್ದುವ ಹುಮ್ಮಸ್ಸಿನಲ್ಲಿದ್ದೆ. ಅವಳು ಫೋನಿನ ಮೇಲೆ ಬೆರಳಾಡಿಸುತ್ತಾ ಚಿತ್ರ ಬರೆಯುತ್ತಿದ್ದಳು. ಒಂದು ದಿನ ಇಣುಕಿದರೆ, ಕಚ್ಚೆ ಬಿಗಿದು ಕೋಲು ಹಿಡಿದ ಒಬ್ಬ ಮುದುಕಿ. ಮೂಗು ನೋಡಿದ ಕೂಡಲೇ ಗೊತ್ತಾಯಿತು, ಅದು ತಿಪ್ಪಕ್ಕನ ಮೂಗು.

"ಇದು ಗೇಮ್ ಸಣ್ಣಜ್ಜಿ. ಆದ್ರೆ ಗೇಮ್ ಅಲ್ಲ, ಗೇಮಿನ ಅಣಕ," ಎಂದಳು. ಅಜ್ಜಿ ಹಟ್ಟಿಯಿಂದ ಹೊರಟು ಜಟಿಂಗ ರಾಮೇಶ್ವರದ ಬೆಟ್ಟ ಹತ್ತಬೇಕು. ದಾರಿಯುದ್ದಕ್ಕೂ ಲೆವೆಲ್ಲುಗಳು. ಪ್ರತಿ ಭಾನುವಾರ ನಾಲ್ಕೈದು ಚಿತ್ರ ಹಾಕಿ, ಕೊನೆಯಲ್ಲಿ "ಅಜ್ಜಿ ಈಗ ಏನು ಮಾಡಬೇಕು?" ಎಂದು ಕೇಳುವುದು. ಓದುವವರು ಕಮೆಂಟಿನಲ್ಲಿ ಅಪ್ಪಣೆ ಕೊಡುತ್ತಾರೆ. ಹೆಚ್ಚು ಜನ ಹೇಳಿದ್ದು ಮುಂದಿನ ವಾರ ಚಿತ್ರವಾಗುತ್ತದೆ. ತಲೆಬರಹದ ಕೆಳಗೆ ದಪ್ಪ ಅಕ್ಷರದಲ್ಲಿ ಅವಳ ವಾಗ್ದಾನವೂ ಇತ್ತು: ನೀವು ಹೇಳಿದ್ದನ್ನು ಅಜ್ಜಿ ಮಾಡ್ತಾಳೆ.

ಗೇಮುಗಳಲ್ಲಿ ಪ್ರಾಣವನ್ನು ಕೆಂಪು ಹೃದಯಗಳಿಂದ ಅಳೆಯುತ್ತಾರಂತೆ. ಇವಳು ರಾಗಿ ಮುದ್ದೆ ಬರೆದಿದ್ದಳು. ಏಟು ಬಿದ್ದರೆ ಒಂದು ಮುದ್ದೆ ಖಾಲಿ. ಒಂದು ಲೆವೆಲ್ಲಿನ ರಾಕ್ಷಸ ಯಾರು ಗೊತ್ತೇ? ರೇಷನ್ ಕೊಡುವಲ್ಲಿ ಇಡುವ ಹೆಬ್ಬೆಟ್ಟಿನ ಮಿಷಿನ್ನು. ಅಜ್ಜಿಯ ಸವೆದ ಬೆರಳನ್ನು ಅದು ಗುರುತು ಹಿಡಿಯದು. ಯಾರೋ ಪುಣ್ಯಾತ್ಮರು "ಸುಣ್ಣ ಹಚ್ಚು" ಎಂದು ಬರೆದರು, ಮುಂದಿನ ವಾರ ಅಜ್ಜಿ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಬೆರಳಿಗೆ ಹಚ್ಚಿ ಒತ್ತಿದಳು, ಮಿಷಿನ್ನು ಸೀನಿ ಸೀನಿ ಸೋತಿತು.

ನಾನೂ ಕಮೆಂಟ್ ಹಾಕುತ್ತಿದ್ದೆ. "ಮಾನ್ಯ ಅಜ್ಜಿಯವರೇ, ತಾವು ದಯವಿಟ್ಟು ಎಡಗಡೆಯ ದಾರಿಯನ್ನು ಪರಿಶೀಲಿಸಬಹುದೆಂದು ನನ್ನ ನಮ್ರ ಅಭಿಪ್ರಾಯ." ಒಂದು ಸಲವೂ ಗೆಲ್ಲಲಿಲ್ಲ. "ಇದೇನು ಲೀವ್ ಲೆಟರಾ ಸಣ್ಣಜ್ಜಿ?" ಎಂದು ಚೈತ್ರಾ ನಗುತ್ತಿದ್ದಳು.

ಸಂತೆಗೆ ಬಂದ ಭಾನುವಾರಗಳಲ್ಲಿ ತಿಪ್ಪಕ್ಕ ನಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಕಮೆಂಟುಗಳನ್ನು ಓದಿಸಿಕೊಳ್ಳುತ್ತಿದ್ದಳು. ಅವಳಿಗೆ ಓದು ಬರದು. ಆದರೆ ಉತ್ತರ ಕೊಡಲು ಓದು ಯಾಕೆ ಬೇಕು?

"ಬಂಡೆ ಮೇಲಿಂದ ಜಿಗಿ ಅಂತ ಬರದಾರೆ ಅಜ್ಜಿ."

"ಯಾವೋನು ಅವನು?"

"ಮಂಗಳೂರು ಕಡೆಯೋನಂತೆ."

"ಮಂಗಳೂರೋನಿಗೆ ನನ್ನ ಮೊಣಕಾಲಿನ ಸುದ್ದಿ ಹೆಂಗೆ ಗೊತ್ತಾಗ್ತೈತೆ? ಮೊದ್ಲು ಅವನು ಜಿಗೀಲಿ, ಆಮೇಲೆ ನೋಡಾನ."

ಬೈದರೂ ಒಳಗೊಳಗೇ ಹಿಗ್ಗು. ಹಟ್ಟಿಯ ಹುಡುಗರ ಫೋನಿನಲ್ಲೆಲ್ಲ ಅವಳೇ. ಕೊಂಡ್ಲಹಳ್ಳಿಯ ಬಸ್ಸಿನಲ್ಲಿ ಯಾರೋ "ಲೆವೆಲ್ ಅಜ್ಜಿ" ಎಂದು ಸೀಟು ಬಿಟ್ಟುಕೊಟ್ಟಿದ್ದರಂತೆ. ಅದನ್ನು ನನಗೆ ಪ್ರತಿ ಸಲವೂ ಹೊಸದಾಗಿ ಹೇಳುತ್ತಿದ್ದಳು, ನಾನೂ ಹೊಸದಾಗಿ ಕೇಳುತ್ತಿದ್ದೆ.

ಆಗ ಬಂತು ಆ ಕೋಳಿ.

ಹಳೆಯ ಟಿವಿ ಗೇಮುಗಳಲ್ಲಿ ಗೋಡೆ ಒಡೆದರೆ ಒಳಗೆ ಹುರಿದ ಕೋಳಿ ಸಿಗುತ್ತದಂತೆ. ತಿಂದರೆ ಹೋದ ಪ್ರಾಣವೆಲ್ಲ ವಾಪಸ್ಸು. ಯಾರು ಹುರಿದರು, ಯಾರು ಗೋಡೆಯೊಳಗಿಟ್ಟು ಗಾರೆ ಮೆತ್ತಿದರು, ಇಷ್ಟು ವರ್ಷ ಅದು ಹೇಗೆ ಬಿಸಿಯಾಗಿಯೇ ಇತ್ತು, ಇದನ್ನೆಲ್ಲ ಕೇಳಬಾರದು. ಚೈತ್ರಾ ಅದನ್ನೇ ಅಣಕ ಮಾಡಲು ಹೋಗಿ, ಅಜ್ಜಿ ಕೋಲಿನಿಂದ ಗೋಡೆ ತಟ್ಟಿದಾಗ ಹಬೆಯಾಡುವ ಕೋಳಿ ಹೊರಬೀಳುವಂತೆ ಬರೆದುಬಿಟ್ಟಳು. ಪಟ್ಟಣದಲ್ಲಿ ಬೆಳೆದ ಹುಡುಗಿ. ಹಟ್ಟಿಯ ನಿಯಮ ಗೊತ್ತಿಲ್ಲವೆಂದಲ್ಲ, ಕೈ ಬರೆಯುವಾಗ ಮನಸ್ಸು ಗೇಮಿನೊಳಗಿತ್ತು. ಅಜ್ಜಿಗೆ ಆಗ ಉಳಿದಿದ್ದದ್ದು ಅರ್ಧ ಕಚ್ಚಿದ ಒಂದೇ ಮುದ್ದೆ. ಸಂಜೆಯೊಳಗೆ ಕಮೆಂಟುಗಳು ಸುರಿದವು. ಎಲ್ಲರದ್ದೂ ಒಂದೇ ಮಾತು: ಕೋಳಿ ತಿನ್ನು.

ಚೈತ್ರಾಳ ಮುಖ ಬಿಳಿಚಿಕೊಂಡಿತು. ತಿನ್ನಿಸಿದರೆ ಹಟ್ಟಿಯವರೆಲ್ಲ ನೋಡುತ್ತಾರೆ. ತಿಪ್ಪಕ್ಕ ದೇವರ ಗುಡಿಯ ಮುಂದೆ ದಿನಾ ಕಸ ಗುಡಿಸಿ ನೀರು ಹಾಕುವವಳು. ಚಿತ್ರವಾದರೇನು, ಆ ಮೂಗು ಅವಳದೇ. ನಾಳೆ ಯಾರಾದರೂ ಒಂದು ಮಾತಾಡಿದರೆ ಅವಳು ಪೊರಕೆ ಕೆಳಗಿಟ್ಟಾಳು, ಮತ್ತೆ ಎತ್ತಲಾರಳು. ತಿನ್ನಿಸದಿದ್ದರೆ ಓದುಗರಿಗೆ ಕೊಟ್ಟ ಮಾತು ಸುಳ್ಳು.

"ಅದನ್ನು ಪನೀರ್ ಅಂತ ಮಾಡಿಬಿಡು," ಎಂದೆ ನಾನು. ಕಾನ್ವೆಂಟಿನ ಬುದ್ಧಿ, ಎಲ್ಲರಿಗೂ ಎಸ್ ಎನ್ನುವ ದಾರಿ ಹುಡುಕುವುದು.

"ಪನೀರಿಗೆ ಕಾಲಿರ್ತಾವಾ ಸಣ್ಣಜ್ಜಿ?"

ಮಾರನೆಯ ದಿನ ಇಬ್ಬರೂ ಹಟ್ಟಿಯ ಬಸ್ಸು ಹತ್ತಿದೆವು. ತಿಪ್ಪಕ್ಕ ಹುಣಸೆ ಮರದ ಕೆಳಗೆ ಕಡಲೆಕಾಯಿ ಸುಲಿಯುತ್ತಿದ್ದಳು. ಚೈತ್ರಾ ಹೇಳಿದಳು. ಅಕ್ಕನ ಕೈ ನಿಂತಿತು. ಸಿಟ್ಟು ಬಂದರೆ ಅವಳ ಬಾಯಿಗೆ ನಮ್ಮ ಮನೆಮಾತು ತೆಲುಗು ಬರುತ್ತಿತ್ತು, ಅವತ್ತು ಕನ್ನಡದಲ್ಲೇ ಕೇಳಿದಳು. ಅದು ಇನ್ನೂ ಹೆದರಿಕೆಯ ವಿಷಯ.

"ಎಲ್ರೂ ತಿನ್ನು ಅಂದಾರಾ?"

"ಹೂಂ ಅಜ್ಜಿ."

"ತಿನ್ನದಿದ್ರೆ?"

"ಇರೋ ಅರ್ಧ ಮುದ್ದೇನೂ ಹೋಗ್ತೈತೆ. ಆಟ ಮುಗೀತು. ನೀನು ಸತ್ತಂಗೆ."

ಅಕ್ಕ ಒಂದು ಕಾಯಿ ಒತ್ತಿ ಒಡೆದು ಬೀಜ ಬಾಯಿಗೆ ಹಾಕಿಕೊಂಡಳು.

"ಆ ಚಿತ್ರದಾಗಿನ ಮುದುಕಿ ಯಾರು?"

"ನೀನೇ."

"ನಾನಾದ್ರೆ, ಯಾರು ಏನ್ ಹೇಳಿದ್ರೂ ಮಾಡ್ತೀನಾ? ನಿಮ್ಮ ತಾತ ಹೇಳಿದ್ದನ್ನೇ ನಾನು ಮಾಡಿಲ್ಲ. ಕೋಳಿ ಬರ್ದಿದ್ದು ಹೋಗ್ಲಿ, ಹುಡುಗಾಟ. ಹೇಳಿದ್ದೆಲ್ಲಾ ಕೇಳೋ ಮುದುಕಿ ಅಂತ ಬರ್ದೀಯಲ್ಲ, ಅದು ನನಗೆ ಮರ್ಯಾದೆನಾ?"

"ರೂಲ್ಸ್ ಹಂಗೈತೆ ಅಜ್ಜಿ."

"ರೂಲ್ಸ್ ಮಾಡೋವಾಗ ನನ್ನ ಕೇಳಿದ್ದಾ? ಅವರು ಹೇಳ್ಲಿ, ಬಾಯಿರೋರು ಹೇಳ್ತಾರೆ. ನಾನು ಒಲ್ಲೆ ಅನ್ನೋದನ್ನೂ ಬರಿ. ಸತ್ರೆ ಸಾಯ್ತೀನಿ, ಅದಕ್ಕೇನು." ಆಮೇಲೆ ನನ್ನ ಕಡೆ ತಿರುಗಿ, "ನೀನೇನು ಹೇಳಿಕೊಟ್ಟೆ ಮೇಷ್ಟ್ರಮ್ಮ?" ಎಂದಳು.

ಪನೀರಿನ ವಿಷಯ ನಾನು ಹೇಳಲಿಲ್ಲ.

ಆ ಭಾನುವಾರದ ಚಿತ್ರಗಳು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಮೊದಲನೆಯದರಲ್ಲಿ ಓದುಗರ ಅಪ್ಪಣೆ, ದೊಡ್ಡದಾಗಿ. ಎರಡನೆಯದರಲ್ಲಿ ಅಜ್ಜಿ ಕೋಳಿಯನ್ನು ನೋಡುತ್ತಾಳೆ. ಮೂರನೆಯದರಲ್ಲಿ ತಲೆಯೆತ್ತಿ, ಚೌಕಟ್ಟಿನಾಚೆ ಇರುವ ನಿಮ್ಮನ್ನು, ನನ್ನನ್ನು, ಆ ಮಂಗಳೂರಿನವನನ್ನು ನೇರವಾಗಿ ನೋಡಿ ಒಂದೇ ಮಾತು ಹೇಳುತ್ತಾಳೆ: "ಒಲ್ಲೆ." ಕೊನೆಯ ಅರ್ಧ ಮುದ್ದೆ ಮಾಯವಾಗುತ್ತದೆ. ಗೇಮ್ ಓವರ್ ಎಂಬ ಕಲ್ಲಿನ ಅಕ್ಷರಗಳು ಮೇಲಿನಿಂದ ಧಡಧಡ ಬೀಳುತ್ತವೆ. ಕಡೆಯ ಚಿತ್ರದಲ್ಲಿ ಅಜ್ಜಿ ಆ ಅಕ್ಷರಗಳ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾಳೆ. ಸತ್ತವಳ ಹಾಗೆ ಸ್ವಲ್ಪವೂ ಕಾಣಲಿಲ್ಲ.

ಕೆಲವರು ಮೋಸ ಎಂದರು, ಬಿಟ್ಟುಹೋದರು. ಚೈತ್ರಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಫೋನ್ ನೋಡುತ್ತಾ ನಗತೊಡಗಿದಳು. "ಅಜ್ಜಿ, ನಿಮಗೆ ಇಷ್ಟ ಇದ್ರೆ ಆ ಕಡೆ ಹೋಗ್ತೀರಾ?" ಎಂದು ಒಬ್ಬರು ಬರೆದಿದ್ದರು. "ಸುಸ್ತಾಗಿದ್ರೆ ಕೂತ್ಕೊಳ್ಳಿ ಅಜ್ಜಿ," ಎಂದು ಇನ್ನೊಬ್ಬರು. ಜಿಗಿ ಎಂದಿದ್ದ ಮಂಗಳೂರಿನವನೇ ಅವಳ ಮೊಣಕಾಲು ವಿಚಾರಿಸಿದ್ದ. ಅಲ್ಲಿಂದಾಚೆಗೆ ಅಜ್ಜಿ ಒಂದೂ ಮುದ್ದೆಯಿಲ್ಲದೆಯೇ ಬೆಟ್ಟ ಹತ್ತಿದಳು. ಮನಸ್ಸಿಗೆ ಬಂದರೆ ಅವರ ಮಾತು ಕೇಳಿದಳು, ಬಾರದಿದ್ದರೆ ಇಲ್ಲ. ಹಟ್ಟಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಗುಡಿಯ ಪೂಜಾರಿಯೇ ಆ "ಒಲ್ಲೆ" ಚಿತ್ರವನ್ನು ತನ್ನ ಫೋನಿಗೆ ಹಾಕಿಕೊಂಡಿದ್ದನಂತೆ.

ಆ ಬೆಟ್ಟದ ತುದಿಯಲ್ಲಿ ಬಂಡೆಯ ಮೇಲೆ ಹಳೆಯ ಕಾಲದ ರಾಜನ ಶಾಸನವಿದೆ ಎಂದು ನಾನು ಉತ್ಸಾಹದಿಂದ ಅಕ್ಕನಿಗೆ ವಿವರಿಸಿದೆ: ಈ ಸೀಮೆಯ ಬಂಡೆಗಳ ಮೇಲೆ ಆ ರಾಜ ತಂದೆತಾಯಿಯ ಮಾತು ಕೇಳಿ, ಹಿರಿಯರ ಮಾತು ಕೇಳಿ ಎಂದು ಬರೆಸಿದ್ದಾನೆ.

"ಹಂಗಾದ್ರೆ ಅವನೂ ಒಂದು ಕಮೆಂಟ್ ಹಾಕಿ ಹೋಗ್ಯಾನೆ ಅನ್ನು," ಎಂದಳು ತಿಪ್ಪಕ್ಕ.

ಅಕ್ಕ ಈಗಿಲ್ಲ. ಹಟ್ಟಿಗೆ ಹೋದರೆ ಹುಣಸೆ ಮರದ ಕೆಳಗೆ ಬೇರೆ ಯಾರೋ ಕೂತಿರುತ್ತಾರೆ, ನನಗೂ ಹೋಗುವುದು ಕಡಿಮೆಯಾಗಿದೆ. ಚೈತ್ರಾ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಅಂಚುಗಳಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆಯುತ್ತಾಳೆ. ಇವತ್ತು ಮಧ್ಯಾಹ್ನ ಬಂದಿದ್ದಳು. ಊಟ ಮಾಡಿ, ಕೈ ತೊಳೆದು, ನನ್ನ ಮುಂದೆ ಕೂತು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು.

"ಸಣ್ಣಜ್ಜಿ, ಮತ್ತೆ ಕಾಮಿಕ್ಸ್ ಶುರು ಮಾಡ್ತೀನಿ. ಈ ಸಲ ನೀನು."

ನನಗೆ ಮೊದಲು ಬಂದದ್ದು ನಾಚಿಕೆ. ಆಮೇಲೆ ಕಣ್ಣಮುಂದೆ ಬಂದವರು ಓದುಗರು. ಕನ್ನಡಕ ಹಾಕಿಕೋ, ಮಾತ್ರೆ ನುಂಗು, ಬಿಸಿಲಿಗೆ ಹೋಗಬೇಡ, ಮೆಟ್ಟಿಲು ಹತ್ತಬೇಡ. ಇದನ್ನೆಲ್ಲ ಈಗಾಗಲೇ ಫೋನಿನಲ್ಲಿ ಹೇಳುವ ನೆಂಟರು ನನಗೆ ಬೇಕಾದಷ್ಟಿದ್ದಾರೆ, ಅವರೆಲ್ಲರಿಗೂ ನಾನು ಸರಿ ಎಂದೇ ಹೇಳುತ್ತಾ ಬಂದಿದ್ದೇನೆ.

"ಒಪ್ಪಿಗೆ ತಾನೆ?" ಎಂದಳು ಚೈತ್ರಾ.

"ಒಲ್ಲೆ," ಎಂದೆ.

ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ಆಶ್ಚರ್ಯವಾಯಿತು. ಚೈತ್ರಾ ಬೇಸರ ಮಾಡಿಕೊಳ್ಳಲಿಲ್ಲ. ಫೋನ್ ತೆಗೆದು ಬೆರಳಾಡಿಸತೊಡಗಿದಳು.

"ಅಲ್ಲಾಡಬೇಡ ಸಣ್ಣಜ್ಜಿ, ಹಂಗೇ ಕೂತಿರು."

ನಾನು ಎದ್ದು, ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗೆ ಹೊರಟೆ.